ಅತ್ತೆಯ ಬಿಳಿ

ನಾನು ಹತ್ತೊಂಬತ್ತು ವರ್ಷದಿಂದ ಶಾಲೆಯಲ್ಲಿ ಬೆಳಕಿನ ಪಾಠ ಮಾಡುತ್ತಿದ್ದೇನೆ. ಬೆಳಕು ಅಲೆ, ಅಲೆಗೊಂದು ಉದ್ದವಿದೆ, ಉದ್ದ ಬದಲಾದರೆ ಬಣ್ಣ ಬದಲಾಗುತ್ತದೆ, ಎಲ್ಲ ಉದ್ದಗಳೂ ಸೇರಿದರೆ ಬಿಳಿ. ಇಷ್ಟು ಹೇಳುವುದಕ್ಕೆ ಆರು ಪೀರಿಯಡ್ ಕೊಟ್ಟಿದ್ದಾರೆ. ನಾನು ನಾಲ್ಕರಲ್ಲಿ ಮುಗಿಸಿ ಉಳಿದ ಎರಡರಲ್ಲಿ ನೋಟ್ಸ್ ಬರೆಸುತ್ತೇನೆ. ಹೊರಗಡೆ ಯಾರಾದರೂ ಬೆಳಕಿನ ಬಗ್ಗೆ ಕೇಳಿದರೆ ನನ್ನ ಬಳಿ ಉತ್ತರ ಇರುತ್ತದೆ. ಮನೆಯಲ್ಲಿ ಯಾರೂ ಕೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಾನು ಆ ಹಿತ್ತಲಲ್ಲಿ ಹುಟ್ಟಿದ ಗಿಡವೂ ಅಲ್ಲ, ತಂದು ನೆಟ್ಟದ್ದು. ನಾನು ಮನೆ ಅಳಿಯ.

ಮನೆಯೆಂದರೆ ಲಾಂಡ್ರಿ. ಬೀದಿಗೆ ಮುಖ ಮಾಡಿ ಬಟ್ಟೆ ತೆಗೆದುಕೊಳ್ಳುವ ಕಟ್ಟೆ, ಅದರ ಹಿಂದೆ ನಾಲ್ಕು ಸಿಮೆಂಟ್ ತೊಟ್ಟಿಗಳ ಕೋಣೆ, ಅದರ ಹಿಂದೆ ತಂತಿ ಎಳೆದ ಅಂಗಳ, ಮಹಡಿಯ ಮೇಲೆ ನಾವು ಐದು ಜನ. ಅತ್ತೆ ಲಾಂಡ್ರಿಯ ಒಡತಿ. ಮಾವ ವ್ಯಾನ್ ಓಡಿಸುತ್ತಾರೆ, ಕೊಳೆ ಗಂಟು ತರುತ್ತಾರೆ, ಮಡಿಸಿದ ಗಂಟು ಒಯ್ಯುತ್ತಾರೆ, ಮಾತು ಕಡಿಮೆ. ನನ್ನ ಹೆಂಡತಿ ಅವರಿಗೆ ಒಬ್ಬಳೇ ಮಗಳು, ತೊಟ್ಟಿಯಿಂದ ತಂತಿಯವರೆಗಿನ ಕೆಲಸ ಅವಳದು. ನಮಗೆ ಎಂಟು ವರ್ಷದ ಪುಟ್ಟಿ ಇದ್ದಾಳೆ. ಅವಳು ಯಾರ ಮಾತನ್ನೂ ಕೇಳುವುದಿಲ್ಲ, ಅಜ್ಜಿಯ ಮಾತು ಮಾತ್ರ ಕೇಳುತ್ತಾಳೆ. ಆ ಮನೆಯಲ್ಲಿ ಎಲ್ಲರೂ ಹಾಗೆಯೇ.

ಮೊದಲ ಮೂರು ತೊಟ್ಟಿಗೆ ಯಾರು ಬೇಕಾದರೂ ಕೈ ಹಾಕಬಹುದು. ನಾಲ್ಕನೆಯದು ನೀಲಿ ತೊಟ್ಟಿ. ಅದಕ್ಕೆ ಅತ್ತೆಯೊಬ್ಬರೇ. ಬಿಳಿ ಬಟ್ಟೆ ಹಳೆಯದಾದಂತೆ ಹಳದಿಗೆ ತಿರುಗುತ್ತದೆ. ಅಂದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೀಲಿಯ ಪಾಲನ್ನು ಒಂದಿಷ್ಟು ನುಂಗಿಕೊಂಡು ಉಳಿದದ್ದನ್ನು ಮಾತ್ರ ವಾಪಸು ಕಳಿಸುತ್ತದೆ. ಕೊನೆಯ ನೀರಿಗೆ ಚಿಟಿಕೆ ನೀಲಿ ಹಾಕಿ ಬಟ್ಟೆ ಅದ್ದಿದರೆ ಆ ನೀಲಿ ಹಳದಿಯ ಪಾಲನ್ನೂ ಅಷ್ಟೇ ನುಂಗುತ್ತದೆ. ಎಲ್ಲ ಬಣ್ಣಕ್ಕೂ ಸಮನಾದ ನಷ್ಟ, ಕಣ್ಣು ಅದನ್ನು ಬಿಳಿ ಅನ್ನುತ್ತದೆ. ನಿಜ ಹೇಳಬೇಕೆಂದರೆ ಬಟ್ಟೆ ಮೊದಲಿಗಿಂತ ಒಂಚೂರು ಕಪ್ಪಾಗಿರುತ್ತದೆ. ಇದನ್ನು ನಾನು ಮದುವೆಯಾದ ಹೊಸತರಲ್ಲಿ, ಊಟಕ್ಕೆ ಕೂತಾಗ, ಎಲ್ಲರ ಮುಂದೆ ಹೇಳಿದೆ. ಅತ್ತೆ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ.

ಐದನೆಯ ದಿನ ರಾಜಿ ಮಾಡಿಕೊಳ್ಳಲು ನಾನು ತೊಟ್ಟಿಯ ಹತ್ತಿರ ಹೋಗಿ ಇನ್ನಷ್ಟು ಪಾಠ ಮಾಡಿದೆ. ಬಾಟಲಿಯ ಮುಚ್ಚಳವೊಂದನ್ನು ನೀರಿನ ಮೇಲೆ ತೇಲಿಬಿಟ್ಟು, ತೊಟ್ಟಿಯ ಈ ತುದಿಯಲ್ಲಿ ಬೆರಳಾಡಿಸಿ ಅಲೆ ಎಬ್ಬಿಸಿದೆ. ಮುಚ್ಚಳ ಇದ್ದಲ್ಲೇ ಮೇಲೆ ಕೆಳಗೆ ಕುಣಿಯಿತು, ಮುಂದಕ್ಕೆ ಹೋಗಲಿಲ್ಲ.

"ನೋಡಿ ಅತ್ತೆ, ನೀರು ಎಲ್ಲೂ ಹೋಗಲ್ಲ. ಅಲುಗಾಟ ಮಾತ್ರ ಹೋಗುತ್ತೆ. ಬೆಳಕೂ ಹಂಗೇ ಒಂದು ಅಲೆ."

"ಅಲೀಲಿ ಬಿಡಿ," ಅಂದರು ಅತ್ತೆ. "ಅಲೆಯೋದಕ್ಕೆ ಮುಂಚೆ ನನ್ನ ಬಟ್ಟೆ ಒಣಗಿಸಿದ್ರೆ ಸಾಕು."

ಅವರಿಗೆ ಅರ್ಥವಾಗಲಿಲ್ಲ ಅಂದುಕೊಂಡು ನಾನು ಮತ್ತೊಮ್ಮೆ ವಿವರಿಸಿದೆ. ಅವರು ನನ್ನನ್ನು ಗೇಲಿ ಮಾಡಿದ್ದರು ಅನ್ನುವುದು ತಿಳಿಯಲು ನನಗೆ ಆರು ವರ್ಷ ಬೇಕಾಯಿತು.

ಅತ್ತೆ ನೀಲಿಯನ್ನು ಚಮಚದಲ್ಲಿ ಅಳೆಯುವವರಲ್ಲ. ಚಮಚ ಇದೆ, ಆದರೆ ಅದು ಎತ್ತಿ ಹಾಕುವುದಕ್ಕೆ. ಅಳತೆ ಕಣ್ಣಿನದು. ಒಂದಿಷ್ಟು ಹಾಕಿ ಕಲಕುತ್ತಾರೆ, ಒಂದು ಬೆಡ್‌ಶೀಟಿನ ಮೂಲೆಯನ್ನು ಅದ್ದಿ ಹಿಂಡಿ, ಅಂಗಳದ ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿಯುತ್ತಾರೆ. ಸಾಲದಿದ್ದರೆ ಮತ್ತೆ ಹಾಕುತ್ತಾರೆ. ಸಾಕು ಅನ್ನಿಸಿದರೆ "ಬಂತು" ಅನ್ನುತ್ತಾರೆ. ಅವರು ಬಂತು ಅಂದರೆ ಬಂತು, ಅದಕ್ಕೆ ಎರಡು ಮಾತಿಲ್ಲ. ದೊಡ್ಡ ಹೋಟೆಲಿನ ಬೆಡ್‌ಶೀಟುಗಳು, ದಿಂಬಿನ ಕವರುಗಳು ಇಪ್ಪತ್ತೆರಡು ವರ್ಷದಿಂದ ಈ ಒಂದು ಮಾತಿನ ಮೇಲೆ ಹೋಗಿ ಬರುತ್ತಿದ್ದವು.

ಆ ಬೆಡ್‌ಶೀಟುಗಳು ಕಳೆದ ಮೂರು ವರ್ಷದಿಂದ ನೀಲಿಯಾಗುತ್ತಿದ್ದವು.

ಒಂದೇ ದಿನಕ್ಕೆ ಆಗಿದ್ದರೆ ಯಾರಾದರೂ ಕೂಗಿಕೊಳ್ಳುತ್ತಿದ್ದರು. ಆದದ್ದು ಹಾಗಲ್ಲ. ಈ ತಿಂಗಳು ಹೋದ ತಿಂಗಳಿಗಿಂತ ಒಂದು ಕೂದಲೆಳೆಯಷ್ಟು ಹೆಚ್ಚು, ಅಷ್ಟೆ. ಮೊದಲು ಗಮನಿಸಿದವಳು ನನ್ನ ಹೆಂಡತಿ. ಆಮೇಲೆ ಮಾವ. ಆಮೇಲೆ ಪುಟ್ಟಿ. ಬೆಳಕಿನ ಪಾಠ ಮಾಡುವ ನಾನು ಎಲ್ಲರಿಗಿಂತ ಕೊನೆ, ಅದೂ ಹೆಂಡತಿ ನನ್ನ ಬನಿಯನ್ನಿನ ಪಕ್ಕ ಅಂಗಡಿಯಿಂದ ತಂದ ಹೊಸ ಬನಿಯನ್ ಇಟ್ಟು ತೋರಿಸಿದ ಮೇಲೆ.

ಹೇಳುವುದು ಯಾರು? ಬೆಕ್ಕಿಗೆ ಗಂಟೆ ಕಟ್ಟುವ ಪ್ರಶ್ನೆ. ನಮ್ಮಲ್ಲಿ ಒಬ್ಬ ಇಸ್ತ್ರಿಯವನಿದ್ದ, ಒಳ್ಳೆಯ ಕೆಲಸಗಾರ, ಹನ್ನೊಂದು ವರ್ಷ ಇದ್ದವನು. ಒಂದು ಬೆಳಿಗ್ಗೆ ಅವನು, "ಅಮ್ಮಾ, ನೀಲಿ ಸ್ವಲ್ಪ ಮುಂದಾಯ್ತೇನೋ," ಅಂದ. ಅತ್ತೆ ಕೂಗಾಡಲಿಲ್ಲ. ಅವರು ಕೂಗಾಡುವವರಲ್ಲ. "ಹಾಗಾದ್ರೆ ನೀನೇ ಬಾಪ್ಪ, ನಾಲ್ಕನೇ ತೊಟ್ಟಿಗೆ ನೀನೇ ನಿಂತ್ಕೋ, ನಾನು ಇಸ್ತ್ರಿ ಹಿಡೀತೀನಿ," ಅಂದು ಚಮಚವನ್ನು ಅವನ ಕೈಗಿಟ್ಟು, ಇಸ್ತ್ರಿ ಮೇಜಿನ ಮುಂದೆ ನಿಂತು ಸಂಜೆಯವರೆಗೂ ತುಟಿ ಪಿಟಕ್ಕೆನ್ನದೆ ಇಸ್ತ್ರಿ ಮಾಡಿದರು. ಅವನು ಚಮಚ ಹಿಡಿದುಕೊಂಡು ಸಂಜೆಯವರೆಗೆ ನಿಂತಿದ್ದ. ಈಗ ಅವನು ಬಸ್ ನಿಲ್ದಾಣದ ಹತ್ತಿರದ ಇನ್ನೊಂದು ಲಾಂಡ್ರಿಯಲ್ಲಿದ್ದಾನೆ.

ಅಂದಿನಿಂದ ನಾವು ಮಾತು ಬೆಳ್ಳಿ, ಮೌನ ಬಂಗಾರ ಅಂತ ಇದ್ದುಬಿಟ್ಟೆವು. ಹೋಟೆಲಿನವರೂ ಅಷ್ಟು ದಿನ ಸುಮ್ಮನಿದ್ದರು. ಕೊನೆಗೊಂದು ದಿನ ಅವರ ಮ್ಯಾನೇಜರು ನನ್ನನ್ನು ಶಾಲೆಯ ಗೇಟಿನ ಹತ್ತಿರ ಹಿಡಿದರು. ಕೈಯಲ್ಲಿ ಒಂದು ದಿಂಬಿನ ಕವರಿತ್ತು.

"ಮೇಷ್ಟ್ರೇ, ಇದು ಯಾವ ಬಣ್ಣ?"

"ಬಿಳಿ," ಅಂದೆ. ಮನೆಯ ಅಭ್ಯಾಸ.

"ನಮ್ಮಲ್ಲಿ ಉಳ್ಕೊಂಡಿದ್ದವರೊಬ್ಬರು, ಇದೇ ನೀಲಿ ಬಣ್ಣದಲ್ಲಿ ಟವೆಲ್ಲೂ ಸಿಗುತ್ತಾ ಅಂತ ಕೇಳಿದ್ರು. ನಿಮ್ಮ ಅತ್ತೇರಿಗೆ ಹೇಳಿ. ಈ ತಿಂಗಳು ಮುಗಿಯೋದ್ರೊಳಗೆ ಸರಿ ಹೋಗಬೇಕು. ಇಲ್ಲ ಅಂದ್ರೆ ನಾವು ಮಷೀನ್ ಲಾಂಡ್ರಿಗೆ ಕೊಡ್ತೀವಿ."

"ನೀವೇ ಹೇಳಬಹುದಲ್ಲ?"

ಮ್ಯಾನೇಜರು ಕವರನ್ನು ಮಡಿಸಿ ನನ್ನ ಕೈಗಿಟ್ಟರು. "ನನಗೂ ಮಕ್ಕಳಿದ್ದಾರೆ ಮೇಷ್ಟ್ರೇ," ಅಂದು ಹೊರಟರು.

ಹೋಟೆಲು ಕೈಬಿಟ್ಟರೆ ಲಾಂಡ್ರಿ ಮುಚ್ಚುವುದಿಲ್ಲ, ಬೇರೆ ಗಂಟುಗಳು ಬರುತ್ತವೆ. ಹೋಗುವುದು ಅತ್ತೆ. ಅವರು ಬೆಳಿಗ್ಗೆ ಐದೂವರೆಗೆ ಏಳುವುದು ಆ ಬಿಳಿಗಾಗಿ. ಅವರ ಕಣ್ಣು ತಪ್ಪಿತು ಅನ್ನುವುದು ಹೋಟೆಲಿನವರ ಬಾಯಿಂದ ಗೊತ್ತಾಗಿ, ಅದು ಮನೆಯವರಿಗೆಲ್ಲ ಮೊದಲೇ ಗೊತ್ತಿತ್ತು ಅನ್ನುವುದು ಆಮೇಲೆ ಗೊತ್ತಾದರೆ ಅವರು ಏಳುವುದನ್ನೇ ನಿಲ್ಲಿಸಬಹುದು. ನನಗೆ ಅವರನ್ನು ಕಂಡರೆ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ ಅವರು ಬೇಕಾಗಿತ್ತು. ಇದನ್ನು ಕೂಡ ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

ಮೊದಲ ಉಪಾಯ ನನ್ನ ಹೆಂಡತಿಯದು. ನೀಲಿ ಪುಡಿಯ ಡಬ್ಬಿಗೆ ಅರ್ಧಕ್ಕರ್ಧ ಉಪ್ಪು ಬೆರೆಸಿದಳು. ಅತ್ತೆ ಎಂದಿನಂತೆ ಹಾಕಿದರು, ಕಲಕಿದರು, ಮೂಲೆ ಅದ್ದಿ ಬಿಸಿಲಿಗೆ ಹಿಡಿದರು. "ಈ ಸಲದ ಪುಡೀಲಿ ಜೀವ ಇಲ್ಲ," ಅಂದು ಎರಡರಷ್ಟು ಹಾಕಿದರು. ಬಟ್ಟೆ ಮೊದಲಿನಷ್ಟೇ ನೀಲಿಯಾಯಿತು, ಜೊತೆಗೆ ಉಪ್ಪುಪ್ಪಾಯಿತು.

ಆಗ ನನಗೆ ಹೊಳೆಯಿತು. ಕೈ ತಪ್ಪುತ್ತಿಲ್ಲ, ಪುಡಿ ತಪ್ಪುತ್ತಿಲ್ಲ. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಹಳೆಯ ಪತ್ರಿಕೆಯ ಹಾಗೆ ಹಳದಿಯಾಗುತ್ತದೆ. ಹಳದಿ ಗಾಜು ಗಿಡ್ಡ ಅಲೆಗಳನ್ನು, ಅಂದರೆ ನೇರಳೆಯನ್ನೂ ನೀಲಿಯನ್ನೂ, ಬಾಗಿಲಲ್ಲೇ ತಡೆಯುತ್ತದೆ. ಕೆಂಪಿನ ಉದ್ದ ಅಲೆಗಳು ಆರಾಮಾಗಿ ಒಳಗೆ ಹೋಗುತ್ತವೆ. ನಾವು ಹತ್ತು ಪಾಲು ನೀಲಿ ಕಾಣುವ ಕಡೆ ಅತ್ತೆಗೆ ಐದು ಪಾಲು ಕಾಣುತ್ತಿದ್ದಿರಬೇಕು. ತಮ್ಮ ಕಣ್ಣಿಗೆ ಸಾಕಾಗುವಷ್ಟು ಹಾಕುತ್ತಿದ್ದರು, ಅದು ನಮ್ಮ ಕಣ್ಣಿಗೆ ಆಕಾಶವಾಗುತ್ತಿತ್ತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರೆ. ಗಾದೆ ಮಾಡಿದವರು ಲಾಂಡ್ರಿ ಇಟ್ಟಿದ್ದರೆ ಇನ್ನೊಂದು ಸಾಲು ಸೇರಿಸುತ್ತಿದ್ದರು.

ಇದನ್ನು ನಾನು ಹೆಂಡತಿಗೆ ಹೇಳಿದೆ.

"ಅಮ್ಮಂಗೆ ಹೇಳು," ಅಂದಳು.

"ನೀನು ಮಗಳು."

"ನೀನು ವಿಜ್ಞಾನದ ಮೇಷ್ಟ್ರು."

ನಾವು ಮಾವನ ಕಡೆ ನೋಡಿದೆವು. ಮಾವ ವ್ಯಾನಿಗೆ ಗಾಳಿ ಹೊಡೆಸಬೇಕು ಅಂತ ಎದ್ದು ಹೋದರು. ಹಿಂದಿನ ದಿನ ತಾನೆ ಹೊಡೆಸಿದ್ದರು.

ಕೊನೆಗೆ ನಾನು ಶಾಲೆಯಿಂದ ಪ್ರಿಸಂ ತಂದೆ. ಪುಸ್ತಕದಲ್ಲಿ ಅದಕ್ಕೆ ಪಟ್ಟಕ ಅಂತ ಬರೆದಿದೆ, ಆ ಹೆಸರಿಂದ ಕರೆದರೆ ಅಟೆಂಡರ್ ಬೀರುವಿನ ಬೀಗ ತೆಗೆಯುವುದಿಲ್ಲ. ಯಾರೂ ಏನೂ ಹೇಳಬೇಕಾಗಿಲ್ಲ, ಬೆಳಕೇ ಹೇಳಲಿ ಅನ್ನುವುದು ನನ್ನ ಯೋಜನೆ. ಹೆಸರಿಗೆ ಅದು ಪುಟ್ಟಿಯ ಶಾಲೆಯ ಚಟುವಟಿಕೆ. ಭಾನುವಾರ ಬೆಳಿಗ್ಗೆ ಮಹಡಿಯ ಕೋಣೆಯ ಕಿಟಕಿಗೆ ರಟ್ಟು ಮುಚ್ಚಿ, ರಟ್ಟಿನಲ್ಲಿ ಬ್ಲೇಡಿನಿಂದ ಒಂದು ಸೀಳು ಮಾಡಿ, ಆ ಸೀಳಿನಿಂದ ಬಂದ ಬಿಸಿಲಿಗೆ ಸ್ಟೂಲಿನ ಮೇಲೆ ಪ್ರಿಸಂ ಇಟ್ಟೆ. ಎದುರಿನ ಖಾಲಿ ಗೋಡೆಯ ಮೇಲೆ ಬಣ್ಣದ ಪಟ್ಟೆ ಬಿತ್ತು. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಹತ್ತೊಂಬತ್ತು ವರ್ಷದಿಂದ ಅದನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಗೋಡೆಯ ಮೇಲೆ ನೋಡಿದ್ದು ಯಾವಾಗಲೋ ನೆನಪಿಲ್ಲ. ಚೆನ್ನಾಗಿತ್ತು, ನಿಜವಾಗಿ ಬಹಳ ಚೆನ್ನಾಗಿತ್ತು.

"ಈಗ ಎಲ್ಲರೂ ಒಬ್ಬೊಬ್ಬರಾಗಿ ಬನ್ನಿ," ಅಂದೆ. "ನಿಮ್ಮ ಕಣ್ಣಿಗೆ ಬಣ್ಣ ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ, ಪೆನ್ಸಿಲಲ್ಲಿ ಗೆರೆ ಹಾಕಿ."

"ಗೋಡೆ ಗಲೀಜು ಮಾಡೋಕೆ ಶಾಲೇಲಿ ಹೇಳ್ಕೊಡ್ತಾರಾ?" ಅಂದರು ಅತ್ತೆ. ಆದರೆ ಬಂದರು. ಮೊಮ್ಮಗಳ ಕೆಲಸವಲ್ಲವೇ?

ಅತ್ತೆಯೇ ಮೊದಲು ಹಾಕಿದರು. ಕೆಂಪಿನ ತುದಿಗೊಂದು ಗೆರೆ, ಇನ್ನೊಂದು ತುದಿಗೊಂದು. ಆಮೇಲೆ ನಾನು, ಹೆಂಡತಿ, ಮಾವ, ಪುಟ್ಟಿ. ಕೆಂಪಿನ ಕಡೆ ಐದು ಗೆರೆಗಳೂ ಒಂದರ ಮೇಲೊಂದು ಬಿದ್ದಂತಿದ್ದವು. ಸೂರ್ಯ ಸರಿಯುತ್ತಾನೆ, ಪಟ್ಟೆಯೂ ಸ್ವಲ್ಪ ಜರುಗಿತು ಅಂತಿಟ್ಟುಕೊಂಡರೂ ನೇರಳೆಯ ಕಡೆ ಹಾಗಾಗಲಿಲ್ಲ. ಮಾವನ ಗೆರೆ ಅತ್ತೆಯದಕ್ಕಿಂತ ಒಂದು ಬೆರಳು ಆಚೆ. ಹೆಂಡತಿಯದೂ ನನ್ನದೂ ಇನ್ನೂ ಆಚೆ. ಪುಟ್ಟಿಯದು ಎಲ್ಲಕ್ಕಿಂತ ಕೊನೆಗೆ. ಅವಳ ಗೆರೆಗೂ ಅಜ್ಜಿಯ ಗೆರೆಗೂ ನಡುವೆ ಮೂರು ಬೆರಳಿನಷ್ಟು ಗೋಡೆ ಇತ್ತು.

ಅತ್ತೆ ಆ ಮೂರು ಬೆರಳಿನ ಜಾಗವನ್ನು ನೋಡಿದರು. "ಇವಳು ಸುಮ್ಮನೆ ಗೀಚಿದಾಳೆ. ಅಲ್ಲೇನೂ ಇಲ್ಲ."

"ಇದೆ ಅಜ್ಜಿ. ನೇರಳೆ."

"ನೀನು ನೋಡಿದ್ಯಾ?"

"ಹೂಂ."

ಈಗ ಅತ್ತೆ ಏನು ಮಾಡುತ್ತಾರೆ ಅಂತ ನಾವು ಮೂವರು ನೋಡುತ್ತಿದ್ದೆವು. ಅವರು ಪುಟ್ಟಿಯನ್ನು ಗೋಡೆಯ ಪಕ್ಕಕ್ಕೆ ನಿಲ್ಲಿಸಿ, "ಗೋಡೆ ಮಾತ್ರ ನೋಡಬೇಕು, ತಿರುಗಿದ್ರೆ ಕಿವಿ ಹಿಂಡ್ತೀನಿ," ಅಂದರು. ನನ್ನ ಕೈಯಲ್ಲಿದ್ದ ರಟ್ಟಿನ ಚೂರು ಕಿತ್ತುಕೊಂಡು, ಕೋಣೆಯ ನಡುವೆ ಬೆಳಕಿನ ದಾರಿಯ ಒಂದು ಅಂಚಿಗೆ ಅಡ್ಡ ಹಿಡಿದರು. ತಮಗೆ ಕಾಣುವ ಬಣ್ಣಕ್ಕೆ ಒಂದಿಷ್ಟೂ ತಾಗದಂತೆ, ತಮಗೇನೂ ಇಲ್ಲದ ಕಡೆ ಮಾತ್ರ.

"ಈಗ ಇದೆಯಾ?"

"ಇಲ್ಲ," ಅಂದಳು ಪುಟ್ಟಿ.

ರಟ್ಟು ತೆಗೆದರು. "ಈಗ?"

"ಬಂತು."

ಮತ್ತೆ ಹಿಡಿದರು, ತೆಗೆದರು. ಎರಡು ಸಲ ಹಿಡಿಯದೆಯೇ ಹಿಡಿದವರಂತೆ ಕೇಳಿದರು. ಒಂದು ಸಲ ಕೇಳದೆ ಸುಮ್ಮನೆ ಹಿಡಿದರು, ಪುಟ್ಟಿ ತಾನಾಗಿಯೇ "ಅಯ್ಯೋ, ಹೋಯ್ತು" ಅಂದಳು. ಹತ್ತು ಸಲ ಆಯಿತು. ಹತ್ತೂ ಸರಿ. ಇಷ್ಟು ಚೊಕ್ಕವಾದ ಪ್ರಯೋಗವನ್ನು ನಾನು ನನ್ನ ಕೆಲಸದ ಇಷ್ಟು ವರ್ಷಗಳಲ್ಲಿ ಒಂದೂ ಮಾಡಿಲ್ಲ, ಅದು ನಾಚಿಕೆಯ ವಿಷಯ.

"ಹಾಗಾದ್ರೆ ಅಲ್ಲಿ ಏನೋ ಇದೆ," ಅಂದರು ಅತ್ತೆ. "ನನಗೆ ಕಾಣ್ತಿಲ್ಲ."

ರಟ್ಟನ್ನು ಸ್ಟೂಲಿನ ಮೇಲಿಟ್ಟು ಕೆಳಗಿಳಿದು ಹೋದರು. ನಾವೂ ಹಿಂದೆ ಹೋದೆವು. ಅಂಗಳದಲ್ಲಿ ನಾಲ್ಕು ಸಾಲು ಬೆಡ್‌ಶೀಟು ಒಣಗುತ್ತಿತ್ತು. ಅವರು ಒಂದರ ಅಂಚು ಹಿಡಿದು ಬಹಳ ಹೊತ್ತು ನೋಡಿದರು. ಅವರ ಕಣ್ಣಿಗೆ ಅದು ಬಿಳಿಯೇ.

"ಇದು ನೀಲಿ ಇದೆಯಾ ಅಳಿಯಂದ್ರೇ?"

ಇದಕ್ಕಾಗಿಯೇ ಅಲ್ಲವೇ ನಾನು ಪ್ರಿಸಂ ತಂದದ್ದು. ಬಾಯಿ ತೆರೆದೆ. "ಬಿಳಿ ಅನ್ನೋದು ಒಂದು ಬಣ್ಣ ಅಂತ ಹೇಳೋಕಾಗಲ್ಲ ಅತ್ತೆ. ಎಲ್ಲ ತರಂಗಾಂತರಗಳೂ ಒಂದು ಪ್ರಮಾಣದಲ್ಲಿ ಸೇರಿದಾಗ ನೋಡುವವರ ಕಣ್ಣಿಗೆ, ಆಯಾ ಬೆಳಕಿನಲ್ಲಿ…"

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ.

"ನಾನು ಕೇಳಿದ್ದು ಬೆಡ್‌ಶೀಟಿನ ವಿಷಯ," ಅಂದರು ಅತ್ತೆ.

ಹೆಂಡತಿ ತಂತಿಯ ಕ್ಲಿಪ್ಪುಗಳನ್ನು ಎಣಿಸತೊಡಗಿದಳು. ಅವರಿಗೆ ಅಷ್ಟೇ ಸಾಕಾಯಿತು. ಚಮಚವನ್ನು ತೊಳೆದು ಒರೆಸಿ ನನ್ನ ಹೆಂಡತಿಯ ಕೈಗೆ ಕೊಟ್ಟು ಮೇಲೆ ಹೋದರು.

ಕಣ್ಣಿನ ಡಾಕ್ಟರು ಎರಡೂ ಕಣ್ಣಲ್ಲಿ ಪೊರೆ ಬಂದಿದೆ ಅಂದರು. ಈಗ ಬಲಗಣ್ಣು, ಒಂದೂವರೆ ತಿಂಗಳು ಬಿಟ್ಟು ಎಡಗಣ್ಣು. ಹಳೆಯ ಮಸೂರ ತೆಗೆದು ಹೊಸದೊಂದು ಇಡುತ್ತಾರೆ. ಅತ್ತೆ ಹೆದರಿಕೊಳ್ಳುತ್ತಾರೆ ಅಂತ ನಾನು ಧೈರ್ಯದ ಮಾತುಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿದರು. "ನೀವು ಹಾಕೋದು ಎಷ್ಟು ಬೆಳ್ಳಗಿರುತ್ತೆ?" ಡಾಕ್ಟರು ಡಬ್ಬಿ ತೆಗೆದು ತೋರಿಸಿದರು. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಸರಿ ಅಂದರು.

ಆ ದಿನಗಳಲ್ಲಿ ನಾಲ್ಕನೆಯ ತೊಟ್ಟಿಗೆ ನನ್ನ ಹೆಂಡತಿ ನಿಂತಳು. ಚಮಚದಲ್ಲಿ ಅಳೆದು ಹಾಕಿದಳು. ಹೋಟೆಲಿನಿಂದ ದೂರು ಬರಲಿಲ್ಲ, ಮ್ಯಾನೇಜರು ಗೇಟಿನ ಹತ್ತಿರ ಸಿಕ್ಕಾಗ ನನಗೆ ಕೈಮುಗಿದರು. ಕೆಲಸ ಉಳಿಯಿತು. ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಅತ್ತೆ ವ್ಯಾನಿನಿಂದ ಇಳಿದವರು ನೆಟ್ಟಗೆ ಅಂಗಳಕ್ಕೆ ಹೋದರು. ಬೆಡ್‌ಶೀಟಿನ ಮುಂದೆ ನಿಂತು ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರು. "ಹಳದಿ." ಎಡಗಣ್ಣು ಮುಚ್ಚಿ ಹೊಸ ಬಲಗಣ್ಣಿನಿಂದ ನೋಡಿದರು. "ನೀಲಿ." ಮತ್ತೆ ಅದು, ಮತ್ತೆ ಇದು. ಒಂದೇ ಬಟ್ಟೆ, ಒಂದೇ ಬಿಸಿಲು, ಒಬ್ಬರೇ ಅತ್ತೆ, ಎರಡು ಬಿಳಿ. ಮೋಡವಿಲ್ಲದ ಆಕಾಶವನ್ನು ಒಮ್ಮೆ ನೋಡಿ, ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದರು. ಆಮೇಲೆ ಮೇಲೆ ಹೋಗಿ ಬೀರುವಿನ ತಳದಿಂದ ತಾವೇ ಒಗೆದಿದ್ದ ಮನೆಯ ಬೆಡ್‌ಶೀಟೊಂದನ್ನು ತಂದು ತಂತಿಯ ಮೇಲೆ ಹೆಂಡತಿ ಒಗೆದದ್ದರ ಪಕ್ಕ ಹರವಿದರು. ಹೊಸ ಕಣ್ಣೇ ಬೇಕಾಗಿರಲಿಲ್ಲ, ಕುರುಡರಿಗೂ ಗೊತ್ತಾಗುವಂತಿತ್ತು.

"ಎಷ್ಟು ದಿನದಿಂದ ಹೀಗೆ?" ಅಂದರು.

ಹೆಂಡತಿ ನನ್ನನ್ನು ನೋಡಿದಳು. ನಾನು ಮಾವನನ್ನು ನೋಡಿದೆ. ಮಾವ ವ್ಯಾನಿನ ಟೈರು ನೋಡಿದರು.

"ಮೂರು ವರ್ಷ ಅಜ್ಜಿ," ಅಂದಳು ಪುಟ್ಟಿ.

ಅತ್ತೆ ಆ ನೀಲಿ ಬೆಡ್‌ಶೀಟನ್ನು ತಂತಿಯಿಂದ ಎಳೆದು, ಮೂಲೆಗೆ ಮೂಲೆ ಸೇರಿಸಿ, ನಾಲ್ಕಾಗಿ, ಎಂಟಾಗಿ ಮಡಿಸಿದರು.

"ನಾನು ಕೆಟ್ಟವಳು ಅಂತ ನನಗೆ ಗೊತ್ತಿತ್ತು," ಅಂದರು. "ಮನೆಯವರೇ ಹೆದರಿ ಸುಮ್ಮನಿರೋವಷ್ಟು ಕೆಟ್ಟವಳು ಅಂತ ಗೊತ್ತಿರಲಿಲ್ಲ."

ನಾನು ಆಗ ನೀವು ಕೆಟ್ಟವರಲ್ಲ ಅನ್ನಬೇಕಾಗಿತ್ತು. ಬದಲಿಗೆ ಹೊಸ ಮಸೂರಕ್ಕೆ ಮೆದುಳು ಹೊಂದಿಕೊಳ್ಳಲು ಕೆಲವು ವಾರ ಬೇಕಾಗುತ್ತದೆ, ಮೊದಮೊದಲು ಎಲ್ಲ ನೀಲಿ ನೀಲಿ ಕಾಣುವುದು ಸಹಜ ಅಂದೆ. ಅದು ಸತ್ಯ. ಆ ಹೊತ್ತಿಗೆ ಬೇಕಾಗಿದ್ದ ಸತ್ಯ ಅದಲ್ಲ. ಅತ್ತೆ ತಲೆಯಾಡಿಸಿ ಒಳಗೆ ಹೋದರು, ಅವತ್ತು ಊಟಕ್ಕೆ ಎದ್ದು ಬರಲಿಲ್ಲ.

ಆದರೆ ಕೆಲವೇ ದಿನಗಳಲ್ಲಿ, ಡಾಕ್ಟರು ನೀರಿಗೆ ಕೈ ಹಾಕಬಹುದು ಅಂದ ಮರುದಿನವೇ, ಐದೂವರೆಗೆ ಕೆಳಗೆ ಚಮಚದ ಸದ್ದಾಯಿತು. ನಾವೆಲ್ಲ ಎದ್ದು ಬರುವ ಹೊತ್ತಿಗೆ ಅತ್ತೆ ನಾಲ್ಕನೆಯ ತೊಟ್ಟಿಯ ಮುಂದೆ ನಿಂತಿದ್ದರು. ಚಮಚ ಕೈಯಲ್ಲಿತ್ತು, ಡಬ್ಬಿಯ ಮುಚ್ಚಳ ತೆರೆದಿರಲಿಲ್ಲ. ಅವರ ಹೊಸ ಕಣ್ಣಿಗೆ ಬರೀ ನೀರೇ ನೀಲಿ ಕಾಣುತ್ತಿತ್ತು. ಅದರಲ್ಲೇ ಬಟ್ಟೆ ಅದ್ದಿ ಹಿಂಡಿ ತಂತಿಗೆ ಹಾಕಿದರು. ಬಿಸಿಲು ಬಂದಾಗ ನಾವೆಲ್ಲ ಅಂಗಳದಲ್ಲಿದ್ದೆವು. ಹೋಟೆಲಿನ ಬೆಡ್‌ಶೀಟು ಹಳೆಯ ಕಾಗದದ ಬಣ್ಣಕ್ಕಿತ್ತು.

"ಬಂತು," ಅಂದರು ಅತ್ತೆ. ಹಾಗೆಂದವರು ನಮ್ಮ ಕಡೆ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಹೆಂಡತಿ ಬಟ್ಟೆಯ ಬುಟ್ಟಿಯನ್ನು ಎತ್ತಿಕೊಂಡಳು. ಮಾವ ಕೀಲಿಕೈ ಹುಡುಕಿದರು. ಪುಟ್ಟಿ ಶಾಲೆಯ ಬೂಟು ಹಾಕಿಕೊಳ್ಳುತ್ತಿದ್ದಳು.

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಗಾದೆಯೊಂದು ಬಾಯಿಗೆ ಬಂತು. ಅದನ್ನು ನುಂಗಿಕೊಂಡೆ.

"ಅತ್ತೆ, ಇದು ಹಳದಿ ಇದೆ."

ಅತ್ತೆ ನನ್ನ ಹತ್ತಿರ ಬಂದರು.

"ನನ್ನ ಕಣ್ಣಿಗೆ ನೀಲಿ ಇದೆ."

"ನಿಮ್ಮ ಕಣ್ಣಿಗೆ ನೀಲಿ. ಬಟ್ಟೆ ಹಳದಿ."

"ಅಲೆ, ಗಿಲೆ ಏನೂ ಇಲ್ವಾ ಇವತ್ತು?"

"ಇಲ್ಲ. ಹಳದಿ ಅಷ್ಟೆ."

ಅವರು ಒಳಗೆ ಹೋದರು, ಡಬ್ಬಿ ತೆರೆದರು. ಅರ್ಧ ಚಮಚ ಹಾಕಿ ಕಲಕಿ, ಒಂದು ಮೂಲೆ ಅದ್ದಿ ಹಿಂಡಿ, ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದರು. ಈ ಸಲ ತಾವು ನೋಡಲಿಲ್ಲ. ನನ್ನ ಮುಖ ನೋಡಿದರು.

"ಈಗ?"

"ಇನ್ನೊಂಚೂರು."

"ಈಗ?"

"ಬಂತು ಅತ್ತೆ."

ಆ ಮಾತನ್ನು ಬಟ್ಟೆಯ ವಿಷಯದಲ್ಲಿ ಆ ಮನೆಯಲ್ಲಿ ಅತ್ತೆ ಬಿಟ್ಟು ಬೇರೆಯವರು ಅಂದದ್ದು ಅದೇ ಮೊದಲು. ಅತ್ತೆ ಇಡೀ ಗಂಟನ್ನು ತೊಟ್ಟಿಗೆ ಇಳಿಸಿ, ಕೈ ಒರೆಸಿಕೊಂಡು, ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಇನ್ನೇನೇನಿದೆ, ನನಗೆ ಹೇಳದೆ ಇರೋದು?"

ನನ್ನ ಬಳಿ ಒಂದು ಪಟ್ಟಿಯೇ ಇತ್ತು, ಆದರೆ ಒಂದು ಬೆಳಿಗ್ಗೆಗೆ ಒಂದು ಸಾಕು ಅನ್ನಿಸಿತು. ಆಗ ಮಾವ ಕೀಲಿಕೈಯನ್ನು ಜೇಬಿಗಿಟ್ಟು ಗಂಟಲು ಸರಿಮಾಡಿಕೊಂಡರು.

"ಗಂಜಿ ಜಾಸ್ತಿ ಹಾಕ್ತೀಯ," ಅಂದರು.

"ಯಾವುದಕ್ಕೆ?"

"ನನ್ನ ಕಾಲರಿಗೆ. ಕೊಯ್ಯುತ್ತೆ."

"ಯಾವತ್ತಿಂದ?"

ಮಾವ ಅತ್ತೆಗೆ ಸುಳ್ಳು ಹೇಳುವವರಲ್ಲ.

"ಮದುವೆ ಆದಾಗಿಂದ."

ಅತ್ತೆ ಎದ್ದು ಅವರ ಹತ್ತಿರ ಹೋದರು. ಮೇಲಿನ ಗುಂಡಿ ಬಿಚ್ಚಿ ಕಾಲರನ್ನು ಹಿಂದಕ್ಕೆ ಸರಿಸಿದರು. ಎಡಗಣ್ಣು ಮುಚ್ಚಿಕೊಂಡು ನೋಡಿದರು. ಕುತ್ತಿಗೆಯ ಸುತ್ತ ಒಂದು ಗೆರೆ ಇತ್ತು, ಕಂದು ಬಣ್ಣದ್ದು, ಒಂದೆರಡು ದಿನದ್ದಲ್ಲ. ಆಮೇಲೆ ಬಲಗಣ್ಣು ಮುಚ್ಚಿಕೊಂಡು ಹಳೆಯ ಕಣ್ಣಿನಿಂದ ನೋಡಿದರು. ಅದಕ್ಕೂ ಚೆನ್ನಾಗಿಯೇ ಕಾಣುತ್ತಿತ್ತು ಅಂತ ಅವರ ಮುಖ ನೋಡಿದವರಿಗೆ ಗೊತ್ತಾಗುತ್ತಿತ್ತು.

"ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ನೀನು ಕೇಳಿರಲಿಲ್ಲ," ಅಂದರು ಮಾವ.

ಅತ್ತೆ ಆ ಗುಂಡಿಯನ್ನು ವಾಪಸು ಹಾಕಲಿಲ್ಲ. ಬೆರಳನ್ನು ಆ ಗೆರೆಯ ಮೇಲೆ ಇಟ್ಟುಕೊಂಡು ಹಾಗೇ ನಿಂತಿದ್ದರು.